ಪರಿಸರದ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪರಿಸರದ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ನಮಗೆ ಕೇಳಿ ಗೊತ್ತಿರುವಂಥವೇ. ತೊಂದರೆ ಇರುವುದು ಒಂದೊಂದು ಪದಕ್ಕೂ ಇರುವ ಎಲ್ಲೆಯಲ್ಲಿ. ಆ ಎಲ್ಲೆ ಕೆಲವೊಮ್ಮೆ ಒಂದು ಸಂಖ್ಯೆ, ಕೆಲವೊಮ್ಮೆ ಒಂದು ಕಾನೂನು, ಕೆಲವೊಮ್ಮೆ ಬರೀ ಒಂದು ಪ್ರತ್ಯಯ. ಪರೀಕ್ಷೆಗೆ ಓದುವವರು, ಪಾಠ ಮಾಡುವವರು, ಸುದ್ದಿ ಅನುವಾದಿಸುವವರು, ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ವರದಿ ಕೈಯಲ್ಲಿ ಹಿಡಿದು ಕೂತವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಎಕಾಲಜಿ, ಎನ್ವಿರಾನ್‌ಮೆಂಟ್ ಎರಡೂ ‘ಪರಿಸರ’ವೇ ತಾನೇ?

ಅಲ್ಲ. ಎನ್ವಿರಾನ್‌ಮೆಂಟ್ ಎಂದರೆ ಸುತ್ತ ಇರುವುದು: ಗಾಳಿ, ನೀರು, ಮಣ್ಣು, ಸದ್ದು, ಪಕ್ಕದ ಮನೆ. ಎಕಾಲಜಿ ಎಂದರೆ ಜೀವಿಗಳು ತಮ್ಮತಮ್ಮಲ್ಲೂ ಸುತ್ತಲಿನೊಂದಿಗೂ ಇಟ್ಟುಕೊಂಡ ಸಂಬಂಧ, ಮತ್ತು ಆ ಸಂಬಂಧವನ್ನು ಅಭ್ಯಾಸ ಮಾಡುವ ಶಾಸ್ತ್ರ. ಜರ್ಮನಿಯ ಅರ್ನ್ಸ್ಟ್ ಹೆಕಲ್ 1866ರಲ್ಲಿ ಈ ಪದ ಕಟ್ಟಿದ. ಮೂಲ ಗ್ರೀಕ್‌ನ ‘ಓಯ್ಕೋಸ್’, ಅಂದರೆ ಮನೆ. ಎಕನಾಮಿಕ್ಸ್ ಕೂಡ ಅದೇ ಮನೆಯದು.

ಯಾವುದನ್ನು ಬಳಸಬೇಕು ಎಂಬ ಅನುಮಾನ ಬಂದರೆ ಹೀಗೆ ನೋಡಿ. ‘ಯಾರು ಯಾರನ್ನು ತಿನ್ನುತ್ತಾರೆ, ಯಾರಿಗೆ ಯಾರು ಆಸರೆ’ ಎಂದು ಕೇಳುತ್ತಿದ್ದರೆ ಎಕಾಲಜಿ. ‘ಸುತ್ತಮುತ್ತ ಹೇಗಿದೆ’ ಎಂದು ಕೇಳುತ್ತಿದ್ದರೆ ಎನ್ವಿರಾನ್‌ಮೆಂಟ್. ಎಕೋಸಿಸ್ಟಮ್ ಮೂರನೆಯದು, ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ 1935ರಲ್ಲಿ ಬಳಕೆಗೆ ತಂದದ್ದು. ಒಂದು ಜಾಗದ ಜೀವಿಗಳನ್ನೂ ಅಲ್ಲಿನ ನಿರ್ಜೀವ ವಸ್ತುಗಳನ್ನೂ ಸೇರಿಸಿ ಒಂದೇ ವ್ಯವಸ್ಥೆ ಎಂದು ಕಾಣುವ ಪದ ಅದು. ಬರೀ ಮೀನುಗಳ ಪಟ್ಟಿ ಕೊಟ್ಟು ‘ಕೆರೆಯ ಎಕೋಸಿಸ್ಟಮ್’ ಎಂದರೆ ಅರ್ಧ ಮಾತ್ರ ಹೇಳಿದಂತೆ, ನೀರು, ಕೆಸರು, ಬಿಸಿಲು ಬಿಟ್ಟುಹೋದವು.

ಹ್ಯಾಬಿಟ್ಯಾಟ್ ಮತ್ತು ನೀಶ್ ಹೇಗೆ ಬೇರೆ?

ಹ್ಯಾಬಿಟ್ಯಾಟ್ ಎಂದರೆ ಜೀವಿ ಇರುವ ಜಾಗ, ನೀಶ್ ಎಂದರೆ ಅಲ್ಲಿ ಅದು ಬದುಕುವ ಬಗೆ. ಒಂದೇ ಕೆರೆ ನೋಡಿ. ಬೆಳ್ಳಕ್ಕಿ ದಡದ ತೆಳುನೀರಲ್ಲಿ ನಿಂತು ಕಾಯುತ್ತದೆ. ಮಿಂಚುಳ್ಳಿ ಕೊಂಬೆಯಿಂದ ಧುಮುಕಿ ಮೀನು ಹಿಡಿಯುತ್ತದೆ. ನೀರುಕಾಗೆ ಮುಳುಗಿ ಬೆನ್ನಟ್ಟುತ್ತದೆ. ಮೂವರಿಗೂ ಹ್ಯಾಬಿಟ್ಯಾಟ್ ಒಂದೇ, ನೀಶ್ ಮೂರು. ಉಚ್ಚಾರ ‘ನೀಶ್’, ಅಮೆರಿಕದವರು ‘ನಿಚ್’ ಎಂದೂ ಹೇಳುತ್ತಾರೆ, ಅದೂ ತಪ್ಪಲ್ಲ.

ನೇಟಿವ್, ಎಂಡೆಮಿಕ್, ಎಕ್ಸಾಟಿಕ್, ಇನ್ವೇಸಿವ್: ಕನ್ನಡದಲ್ಲಿ ಬರೀ ‘ಸ್ಥಳೀಯ’, ‘ವಿದೇಶಿ’ ಎಂದರೆ ಸಾಲದೇ?

ಸಾಲದು. ಹೆಚ್ಚು ಎಡವಟ್ಟಾಗುವುದೇ ಇಲ್ಲಿ.

ನೇಟಿವ್ ಎಂದರೆ ಮನುಷ್ಯ ತಂದು ನೆಡದೆ ಆ ನೆಲಕ್ಕೆ ಸೇರಿದ್ದು. ನೇರಳೆ ನಮ್ಮಲ್ಲಿ ನೇಟಿವ್, ಆದರೆ ಬೇರೆ ದೇಶಗಳಲ್ಲೂ ಸಹಜವಾಗಿ ಬೆಳೆಯುತ್ತದೆ. ಎಂಡೆಮಿಕ್ ಎಂದರೆ ಅಲ್ಲಿ ಮಾತ್ರ, ಬೇರೆಲ್ಲೂ ಸಹಜವಾಗಿ ಇಲ್ಲ. ಸಿಂಗಳೀಕ ಪಶ್ಚಿಮಘಟ್ಟಕ್ಕೆ ಎಂಡೆಮಿಕ್. ಹಾಗಾಗಿ ಎಂಡೆಮಿಕ್ ಆದದ್ದೆಲ್ಲ ನೇಟಿವ್, ನೇಟಿವ್ ಆದದ್ದೆಲ್ಲ ಎಂಡೆಮಿಕ್ ಅಲ್ಲ. ಎಂಡೆಮಿಕ್ ಎಂದಾಗ ಎಲ್ಲಿಗೆ ಎಂದು ಹೇಳಲೇಬೇಕು: ಘಟ್ಟಕ್ಕೋ, ಭಾರತಕ್ಕೋ, ಒಂದೇ ಒಂದು ಬೆಟ್ಟಕ್ಕೋ. ವೈದ್ಯರು ಮಲೇರಿಯಾವನ್ನು ಎಂಡೆಮಿಕ್ ಎಂದಾಗ ಅರ್ಥ ಬೇರೆ, ಆ ಪ್ರದೇಶದಲ್ಲಿ ರೋಗ ಸದಾ ಇದ್ದೇ ಇರುತ್ತದೆ ಎಂದಷ್ಟೇ.

ಎಕ್ಸಾಟಿಕ್ ಅಥವಾ ಏಲಿಯನ್ ಎಂದರೆ ಹೊರಗಿನಿಂದ ಬಂದದ್ದು. ಇದು ಬೈಗುಳವಲ್ಲ. ಸಾರಿಗೆ ಹಾಕುವ ಮೆಣಸಿನಕಾಯಿ, ಟೊಮೆಟೊ ಎರಡೂ ಅಮೆರಿಕ ಖಂಡದವು. ಕಾಫಿ ತೋಟದ ಸಿಲ್ವರ್ ಓಕ್, ರಸ್ತೆಬದಿಯ ನೀಲಗಿರಿ ಆಸ್ಟ್ರೇಲಿಯಾದವು. ಹೊರಗಿನಿಂದ ಬಂದು, ತಾನೇ ಹರಡಿ, ಅಲ್ಲಿನ ಜೀವಿಗಳಿಗೆ ಕೇಡು ಮಾಡಿದರೆ ಮಾತ್ರ ಇನ್ವೇಸಿವ್. ಬಂಡೀಪುರದ ಲಂಟಾನ, ಬಯಲುಸೀಮೆಯ ಬಳ್ಳಾರಿ ಜಾಲಿ, ಎಲ್ಲೆಡೆಯ ಕಾಂಗ್ರೆಸ್ ಗಿಡ, ಕೆರೆ ಮುಚ್ಚುವ ವಾಟರ್ ಹಯಸಿಂತ್ ಈ ಗುಂಪಿನವು. ಟೊಮೆಟೊ ಗಿಡ ಕಾಡು ನುಗ್ಗಿ ಕಾಡನ್ನು ನುಂಗಲಿಲ್ಲ, ಆದ್ದರಿಂದ ಅದು ಎಕ್ಸಾಟಿಕ್ ಮಾತ್ರ.

ವೀಡ್ ಎಂಬುದು ರೈತನ ಪದ. ಬೇಡದ ಜಾಗದಲ್ಲಿ ಬೆಳೆದದ್ದೆಲ್ಲ ಕಳೆಯೇ, ಅದು ನೇಟಿವ್ ಆದರೂ ಸರಿ. ಫೆರಲ್ ಎಂದರೆ ಸಾಕುಪ್ರಾಣಿ ಕಾಡು ಸೇರಿ ತಾನೇ ಬದುಕತೊಡಗಿದ್ದು. ಅದನ್ನು ವೈಲ್ಡ್ ಎಂದು ಬರೆಯಬೇಡಿ.

ಪತ್ರಿಕೆಗಳಲ್ಲಿ ಎಲ್ಲವೂ ‘ಅಳಿವಿನಂಚಿನಲ್ಲಿ’ ಇರುತ್ತವೆ. ಇಂಗ್ಲಿಷಿನಲ್ಲಿ ಇರುವ ಮೆಟ್ಟಿಲುಗಳು ಯಾವುವು?

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯ ಮೆಟ್ಟಿಲುಗಳು ಕೆಳಗಿನಿಂದ ಮೇಲಕ್ಕೆ ಹೀಗಿವೆ: ಲೀಸ್ಟ್ ಕನ್ಸರ್ನ್, ನಿಯರ್ ಥ್ರೆಟನ್ಡ್, ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್, ಎಕ್ಸ್‌ಟಿಂಕ್ಟ್ ಇನ್ ದ ವೈಲ್ಡ್, ಎಕ್ಸ್‌ಟಿಂಕ್ಟ್. ಚಿರತೆ ವಲ್ನರಬಲ್, ಹುಲಿ ಮತ್ತು ಸಿಂಗಳೀಕ ಎಂಡೇಂಜರ್ಡ್, ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕ್ರಿಟಿಕಲಿ ಎಂಡೇಂಜರ್ಡ್. ನಡುವಿನ ಮೂರು ಮೆಟ್ಟಿಲು ಸೇರಿದರೆ ಥ್ರೆಟನ್ಡ್. ‘ಥ್ರೆಟನ್ಡ್’ ಎಂದಿದ್ದನ್ನು ‘ಎಂಡೇಂಜರ್ಡ್’ ಎಂದು ಅನುವಾದಿಸಿದರೆ ಚಿರತೆಗೆ ಹುಲಿಯ ಸ್ಥಾನ ಕೊಟ್ಟಂತಾಗುತ್ತದೆ.

ಮೆಟ್ಟಿಲಿಗೆ ಅಳತೆಯಿದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ 30 ಶೇಕಡಾ ಕುಸಿದರೆ ವಲ್ನರಬಲ್, 50 ಆದರೆ ಎಂಡೇಂಜರ್ಡ್, 80 ಆದರೆ ಕ್ರಿಟಿಕಲಿ ಎಂಡೇಂಜರ್ಡ್. ಕುಸಿತಕ್ಕೆ ಕಾರಣ ಗೊತ್ತಿದ್ದು, ಅದು ನಿಂತುಹೋಗಿದ್ದರೆ ಈ ಮಿತಿಗಳು ಇನ್ನೂ ಮೇಲೆ. ವಾಸದ ವ್ಯಾಪ್ತಿ, ಉಳಿದ ಒಟ್ಟು ಸಂಖ್ಯೆ ಮುಂತಾದ ಬೇರೆ ಮಾನದಂಡಗಳೂ ಇವೆ, ಒಂದರಲ್ಲಿ ಸಿಕ್ಕಿಬಿದ್ದರೂ ಸಾಕು. ಡೇಟಾ ಡಿಫಿಶಿಯಂಟ್ ಎಂದರೆ ‘ತೊಂದರೆ ಇಲ್ಲ’ ಎಂದಲ್ಲ, ‘ಲೆಕ್ಕ ಸಾಲದು’ ಎಂದು.

ಎಕ್ಸ್‌ಟಿಂಕ್ಟ್, ಎಕ್ಸ್‌ಟರ್ಪೇಟೆಡ್ ಎರಡನ್ನೂ ಬೇರೆ ಮಾಡಿಕೊಳ್ಳಿ. ಚೀತಾ ಭಾರತದಿಂದ ಅಳಿದುಹೋಯಿತೆಂದು ಘೋಷಣೆಯಾದದ್ದು 1952ರಲ್ಲಿ, ಆದರೆ ಇರಾನಿನಲ್ಲೂ ಆಫ್ರಿಕದಲ್ಲೂ ಉಳಿದಿತ್ತು. ಹೀಗೆ ಒಂದು ಪ್ರದೇಶದಿಂದ ಮಾತ್ರ ಅಳಿದರೆ ಎಕ್ಸ್‌ಟರ್ಪೇಟೆಡ್. ಹಾಗಾಗಿಯೇ 2022ರಲ್ಲಿ ಮಧ್ಯಪ್ರದೇಶದ ಕುನೋಗೆ ತಂದು ಬಿಡಲು ಸಾಧ್ಯವಾಯಿತು.

ಕೆಂಪು ಪಟ್ಟಿಗೂ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್‌ಗೂ ನೇರ ಸಂಬಂಧವಿಲ್ಲ. ನವಿಲು ಕೆಂಪು ಪಟ್ಟಿಯಲ್ಲಿ ಲೀಸ್ಟ್ ಕನ್ಸರ್ನ್, ಕಾಯ್ದೆಯಲ್ಲಿ ಶೆಡ್ಯೂಲ್ ಒಂದು. ಪಟ್ಟಿ ಜೀವಿಯ ಸ್ಥಿತಿ ಹೇಳುತ್ತದೆ, ಕಾಯ್ದೆ ಕೊಂದವನಿಗೆ ಏನಾಗುತ್ತದೆ ಎಂದು ಹೇಳುತ್ತದೆ.

ವೆದರ್ ಮತ್ತು ಕ್ಲೈಮೇಟ್?

ಇವತ್ತು ಸಂಜೆ ಮಳೆ ಬರುತ್ತದೆಯೇ ಎಂಬುದು ವೆದರ್. ಆಗುಂಬೆಯಲ್ಲಿ ಜುಲೈ ತಿಂಗಳು ಹೇಗಿರುತ್ತದೆ ಎಂಬುದು ಕ್ಲೈಮೇಟ್, ಸಾಮಾನ್ಯವಾಗಿ 30 ವರ್ಷಗಳ ಸರಾಸರಿ. ಆದ್ದರಿಂದ ಒಂದು ವಾರದ ಚಳಿ ತೋರಿಸಿ ‘ಎಲ್ಲಿದೆ ಬಿಸಿ’ ಎನ್ನುವುದೂ ಒಂದೇ ಒಂದು ಮಳೆಯನ್ನು ಕ್ಲೈಮೇಟ್ ಚೇಂಜ್‌ನ ತಲೆಗೆ ಕಟ್ಟುವುದೂ ಒಂದೇ ಬಗೆಯ ತಪ್ಪು. ಕನ್ನಡದಲ್ಲಿ ವೆದರ್‌ಗೆ ಹವಾಮಾನ, ಕ್ಲೈಮೇಟ್‌ಗೆ ವಾಯುಗುಣ ಎಂಬ ಎರಡು ಪದ ಇದ್ದೂ ‘ಹವಾಮಾನ ಬದಲಾವಣೆ’ ಎಂದೇ ರೂಢಿಯಾಗಿಬಿಟ್ಟಿದೆ. ಅದನ್ನು ಈಗ ತಿದ್ದುವುದು ಕಷ್ಟ.

ಓಝೋನ್ ತೂತಿನಿಂದಲೇ ಭೂಮಿ ಬಿಸಿಯಾಗುತ್ತಿದೆಯೇ?

ಇಲ್ಲ. ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ಕಾಣುವ ತಪ್ಪು ಇದು. ಓಝೋನ್ ಪದರ ಸೂರ್ಯನ ಅತಿನೇರಳೆ ಕಿರಣ ತಡೆಯುತ್ತದೆ. ಅದರ ರಕ್ಷಣೆಗೆ 1987ರ ಮಾಂಟ್ರಿಯಲ್ ಒಪ್ಪಂದ. ಗ್ರೀನ್‌ಹೌಸ್ ಅನಿಲಗಳು ಭೂಮಿಯಿಂದ ಹೊರಹೋಗುವ ಶಾಖ ತಡೆಯುತ್ತವೆ; ಅದಕ್ಕೆ 2015ರ ಪ್ಯಾರಿಸ್ ಒಪ್ಪಂದ. ಗೊಂದಲಕ್ಕೆ ಕಾರಣವೂ ಇದೆ: ಹಳೆಯ ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ ಅನಿಲ ಎರಡೂ ಕೇಡು ಮಾಡುತ್ತದೆ. ಗ್ರೀನ್‌ಹೌಸ್ ಎಫೆಕ್ಟ್ ತಾನಾಗಿ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಕೆಟ್ಟದ್ದು ಅದರ ಹೆಚ್ಚಳ.

‘ಒಂದು ಟನ್ ಕಾರ್ಬನ್’ ಮತ್ತು ‘ಒಂದು ಟನ್ ಕಾರ್ಬನ್ ಡೈಆಕ್ಸೈಡ್’ ಒಂದೇ?

ಒಂದೇ ಅಲ್ಲ, ಸುಮಾರು ಮೂರೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಕಾರ್ಬನ್‌ನ ಪರಮಾಣು ತೂಕ 12, ಕಾರ್ಬನ್ ಡೈಆಕ್ಸೈಡ್‌ನ ಅಣುತೂಕ 44. ಹಾಗಾಗಿ ಒಂದು ಟನ್ ಕಾರ್ಬನ್ ಪೂರ್ತಿ ಉರಿದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ವರದಿಯಲ್ಲಿ ಯಾವುದನ್ನು ಎಣಿಸಿದ್ದಾರೆಂದು ಮೊದಲು ನೋಡಿ. ‘ಈಕ್ವಿವಲೆಂಟ್’ ಎಂಬ ಬಾಲವಿದ್ದರೆ ಬೇರೆ ಅನಿಲಗಳನ್ನೂ ಸೇರಿಸಿದ್ದಾರೆ ಎಂದರ್ಥ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ.

ನೆಟ್ ಝೀರೋ ಎಂದರೆ ಹೊಗೆಯೇ ಇಲ್ಲ ಎಂದಲ್ಲ. ಸಾಧ್ಯವಾದಷ್ಟು ಇಳಿಸಿ, ಉಳಿದದ್ದಕ್ಕೆ ಸಮನಾಗಿ ಗಾಳಿಯಿಂದ ಹಿಂದಕ್ಕೆ ತೆಗೆಯುವುದು. ಭಾರತ ಇದಕ್ಕೆ ಇಟ್ಟುಕೊಂಡ ಗಡುವು 2070. ಕಂಪನಿಗಳ ಜಾಹೀರಾತಿನ ‘ಕಾರ್ಬನ್ ನ್ಯೂಟ್ರಲ್’ ಸಾಮಾನ್ಯವಾಗಿ ಇನ್ನೂ ಸಡಿಲ. ಇಳಿಸದೆ ಬರೀ ಆಫ್‌ಸೆಟ್ (ಬೇರೆಯವರು ಇಳಿಸಿದ್ದರ ಲೆಕ್ಕ) ಕೊಂಡರೂ ಹಾಗೆ ಹೇಳಿಕೊಳ್ಳುವವರಿದ್ದಾರೆ.

ಚೀಲದ ಮೇಲೆ ‘ಬಯೋಡಿಗ್ರೇಡಬಲ್’ ಎಂದಿದೆ. ಮನೆಯ ಗೊಬ್ಬರದ ಡಬ್ಬಕ್ಕೆ ಹಾಕಬಹುದೇ?

ಹಾಕಬೇಡಿ. ಮೂರು ಪದ ಬೇರೆಬೇರೆ.

ಡಿಗ್ರೇಡಬಲ್ ಎಂದರೆ ಚೂರಾಗುತ್ತದೆ ಎಂದಷ್ಟೇ. ಆಕ್ಸೋ-ಡಿಗ್ರೇಡಬಲ್ ಚೀಲ ಬಿಸಿಲಿಗೆ ಪುಡಿಪುಡಿಯಾಗಿ ಮೈಕ್ರೋಪ್ಲಾಸ್ಟಿಕ್ ಆಗುತ್ತದೆ, ಅಂದರೆ 5 ಮಿಲಿಮೀಟರ್‌ಗಿಂತ ಸಣ್ಣ ಚೂರು. ಕಣ್ಣಿಗೆ ಕಾಣದಂತಾಗುವುದೇ ಅದರ ದೊಡ್ಡ ಅಪಾಯ. ಬಯೋಡಿಗ್ರೇಡಬಲ್ ಎಂದರೆ ಸೂಕ್ಷ್ಮಜೀವಿಗಳು ಕರಗಿಸುತ್ತವೆ, ಆದರೆ ಎಷ್ಟು ದಿನದಲ್ಲಿ, ಎಲ್ಲಿ ಎಂದು ಹೇಳದಿದ್ದರೆ ಆ ಪದಕ್ಕೆ ಬೆಲೆಯಿಲ್ಲ. ಕಂಪೋಸ್ಟಬಲ್‌ಗೆ ಮಾತ್ರ ಗಟ್ಟಿ ಅಳತೆಯಿದೆ. ಐಎಸ್/ಐಎಸ್ಒ 17088 ಮಾನದಂಡದ ಪ್ರಕಾರ 180 ದಿನದೊಳಗೆ ಅದರ ಕಾರ್ಬನ್‌ನ 90 ಶೇಕಡಾ ಕಾರ್ಬನ್ ಡೈಆಕ್ಸೈಡ್ ಆಗಿ ಬದಲಾಗಬೇಕು. ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ದೊಡ್ಡ ಘಟಕದ ರಾಶಿ ಅಷ್ಟು ಕಾಯುತ್ತದೆ, ಬಾಲ್ಕನಿಯ ಮಡಕೆ ಕಾಯುವುದಿಲ್ಲ. ಅದಕ್ಕೇ ಆರು ತಿಂಗಳಾದರೂ ಚೀಲ ಹಾಗೇ ಇದೆ ಎಂಬ ದೂರು. ಹಾಗೆಂದು ಪ್ಲಾಸ್ಟಿಕ್ ರೀಸೈಕ್ಲಿಂಗ್ ಬುಟ್ಟಿಗೆ ಹಾಕಿದರೆ ಅಲ್ಲಿನ ಮಾಲನ್ನೂ ಕೆಡಿಸುತ್ತದೆ.

ಇನ್ನೊಂದು ಮೋಸಹೋಗುವ ಜಾಗ ತ್ರಿಕೋನದೊಳಗಿನ ಅಂಕಿ. ಅದು ‘ರೀಸೈಕಲ್ ಆಗುತ್ತದೆ’ ಎಂಬ ಭರವಸೆಯಲ್ಲ, ಯಾವ ಪ್ಲಾಸ್ಟಿಕ್ ಎಂಬ ಗುರುತು ಮಾತ್ರ. 1 ಪೆಟ್ ಬಾಟಲಿ, 2 ಎಚ್‌ಡಿಪಿಇ, 5 ಪಾಲಿಪ್ರೊಪಿಲೀನ್. ರೀಸೈಕ್ಲಬಲ್ ಎಂದರೆ ಮಾಡಬಹುದಾದದ್ದು, ರೀಸೈಕಲ್ಡ್ ಎಂದರೆ ಮಾಡಿ ಆದದ್ದು.

ಕಂಪೋಸ್ಟ್ ಸೂಚನೆಯಲ್ಲಿ ಬರುವ ಗ್ರೀನ್, ಬ್ರೌನ್ ಬಣ್ಣವೇ?

ಬಣ್ಣವಲ್ಲ, ರಸಾಯನ. ಗ್ರೀನ್ ಎಂದರೆ ಸಾರಜನಕ ಹೆಚ್ಚಿರುವುದು: ತರಕಾರಿ ಸಿಪ್ಪೆ, ಕಾಫಿ ಚರಟ, ಹಸಿ ಹುಲ್ಲು, ಸಗಣಿ. ಸಗಣಿ ಕಂದು ಬಣ್ಣದ್ದಾದರೂ ಗ್ರೀನ್. ಬ್ರೌನ್ ಎಂದರೆ ಇಂಗಾಲ ಹೆಚ್ಚಿರುವುದು: ಒಣಗಿದ ಎಲೆ, ತೆಂಗಿನ ನಾರಿನ ಪುಡಿ, ರಟ್ಟು. ಸಿ-ಎನ್ ರೇಶಿಯೋ, ಅಂದರೆ ಇಂಗಾಲ-ಸಾರಜನಕದ ಅನುಪಾತ, 25ರಿಂದ 30ಕ್ಕೆ ಒಂದು ಇರಬೇಕು. ಮನೆಯಲ್ಲಿ ಅಳೆಯಲಾಗದು, ಒಂದು ಪಾತ್ರೆ ಅಡುಗೆಮನೆ ಕಸಕ್ಕೆ ಒಂದರಿಂದ ಎರಡು ಪಾತ್ರೆ ಒಣ ಎಲೆ ಹಾಕಿದರೆ ಹೆಚ್ಚುಕಡಿಮೆ ಹೊಂದುತ್ತದೆ. ಮೂಗು ಚುಚ್ಚುವ ಅಮೋನಿಯಾ ವಾಸನೆ ಬಂದರೆ ಗ್ರೀನ್ ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲದೆ ಅನೇರೋಬಿಕ್ ಆಗಿದೆ, ತಿರುವಿಹಾಕಿ. ಹಿಡಿದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸರಿ. ಕೆಳಗೆ ಸೋರುವ ಕಪ್ಪು ನೀರಿಗೆ ಲೀಚೇಟ್ ಎನ್ನುತ್ತಾರೆ.

ಎಸ್‌ಟಿಪಿ ವರದಿಯ ಬಿಒಡಿ, ಸಿಒಡಿ, ಡಿಒ ಹೇಗೆ ಓದುವುದು?

ಡಿಒ ನೀರಿನಲ್ಲಿ ಕರಗಿರುವ ಆಮ್ಲಜನಕ, ಹೆಚ್ಚಿದ್ದಷ್ಟೂ ಒಳ್ಳೆಯದು. ಬಿಒಡಿ ಎಂದರೆ ನೀರಿನ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮಲ್ಲಿ ಅದನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುವ ರೂಢಿ, ಹಳೆಯ ಪಠ್ಯಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಎಂದಿರುತ್ತದೆ. ಎರಡೂ ವರದಿಗಳನ್ನು ಹೋಲಿಸುವಾಗ ಇದನ್ನು ಗಮನಿಸಿ. ಸಿಒಡಿ ಆ ಆಮ್ಲಜನಕದ ಅಗತ್ಯವನ್ನು ರಾಸಾಯನಿಕದಿಂದ ಎಲ್ಲವನ್ನೂ ಸುಟ್ಟು ಅಳೆಯುವುದರಿಂದ ಸಾಮಾನ್ಯವಾಗಿ ಬಿಒಡಿಗಿಂತ ಹೆಚ್ಚೇ ಇರುತ್ತದೆ. ವರದಿಯಲ್ಲಿ ಬಿಒಡಿ ಹೆಚ್ಚು, ಸಿಒಡಿ ಕಡಿಮೆ ಎಂದಿದ್ದರೆ ಪರೀಕ್ಷೆಯಲ್ಲೋ ಟೈಪಿಂಗಿನಲ್ಲೋ ತಪ್ಪಾಗಿದೆ. ಸಹಿ ಹಾಕುವ ಮುನ್ನ ಕೇಳಿ. ಹೊರಾಂಗಣ ಸ್ನಾನಕ್ಕೆ ಯೋಗ್ಯ ಎನಿಸಿಕೊಳ್ಳಲು ನದಿ ನೀರಿನಲ್ಲಿ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಅಥವಾ ಕಡಿಮೆ, ಡಿಒ 5 ಅಥವಾ ಹೆಚ್ಚು ಇರಬೇಕು.

ಸೀವೇಜ್ ಕೊಳಚೆ ನೀರು, ಸೀವರೇಜ್ ಅದನ್ನು ಸಾಗಿಸುವ ಕೊಳವೆ ವ್ಯವಸ್ಥೆ. ಎಫ್ಲುಯೆಂಟ್ ಕಾರ್ಖಾನೆ ಅಥವಾ ಘಟಕದಿಂದ ಹೊರಬರುವ ನೀರು. ಅಫ್ಲುಯೆಂಟ್ ಎಂದು ಬರೆದರೆ ಶ್ರೀಮಂತ ಎಂದಾಗುತ್ತದೆ!

ಯೂಟ್ರೊಫಿಕೇಶನ್ ಎಂದರೆ?

ಗ್ರೀಕ್‌ನಲ್ಲಿ ‘ಯೂ’ ಚೆನ್ನಾಗಿ, ‘ಟ್ರೊಫೆ’ ಊಟ. ಚೆನ್ನಾಗಿ ಉಂಡು ಸಾಯುವ ಕೆರೆ. ಕೊಳಚೆಯ ರಂಜಕ, ಸಾರಜನಕದಿಂದ ಪಾಚಿ ಹಬ್ಬುತ್ತದೆ. ಹಗಲು ಅದೇ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ, ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಹೋಗುತ್ತದೆ. ಮೀನುಗಳು ಬೆಳಗಿನ ಜಾವ ತೇಲುವುದು ಇದಕ್ಕೇ. ಹಾಗಾಗಿ ಮಧ್ಯಾಹ್ನ ಮಾತ್ರ ತೆಗೆದ ಡಿಒ ಮಾದರಿಯನ್ನು ನಂಬಬೇಡಿ.

ಒಂದು ಆ್ಯಪ್‌ನಲ್ಲಿ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 100, ಇನ್ನೊಂದರಲ್ಲಿ 150. ಯಾವುದು ಸುಳ್ಳು?

ಎರಡೂ ನಿಜವಿರಬಹುದು, ಅಳತೆಗೋಲು ಬೇರೆ. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ, ಒಂದು ಘನಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕದಲ್ಲಿ 100, ಅಮೆರಿಕದ ಸೂಚ್ಯಂಕದಲ್ಲಿ 150 ದಾಟುತ್ತದೆ. ನಮ್ಮದರಲ್ಲಿ 50ರವರೆಗೆ ಗುಡ್, 100ರವರೆಗೆ ಸ್ಯಾಟಿಸ್‌ಫ್ಯಾಕ್ಟರಿ, 200ರವರೆಗೆ ಮಾಡರೇಟ್, 300ರವರೆಗೆ ಪೂರ್, 400ರವರೆಗೆ ವೆರಿ ಪೂರ್, ಆಮೇಲೆ ಸಿವಿಯರ್. ಎಂಟು ಮಾಲಿನ್ಯಕಾರಕಗಳಲ್ಲಿ ಅತಿ ಕೆಟ್ಟದ್ದರ ಅಂಕವೇ ಒಟ್ಟು ಅಂಕ, ಸರಾಸರಿ ಅಲ್ಲ. ಪಿಎಂ ಪಕ್ಕದ 2.5 ಕಣದ ವ್ಯಾಸ, ಮೈಕ್ರೋಮೀಟರ್‌ನಲ್ಲಿ. ಅದು ಮಾಲಿನ್ಯದ ಪ್ರಮಾಣವಲ್ಲ.

‘ಫಾರೆಸ್ಟ್ ಕವರ್ ಹೆಚ್ಚಿದೆ’ ಎಂದರೆ ಕಾಡು ಹೆಚ್ಚಿದೆ ಎಂದೇ?

ಹಾಗೇನಿಲ್ಲ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರ್ ಮೇಲ್ಪಟ್ಟು, ಮರದ ನೆತ್ತಿಯ ನೆರಳು 10 ಶೇಕಡಾ ಮೀರಿದ ಜಾಗವೆಲ್ಲ ಫಾರೆಸ್ಟ್ ಕವರ್, ಒಡೆತನ ಯಾರದೇ ಇರಲಿ, ಮರ ಯಾವುದೇ ಇರಲಿ. ಕಾಫಿ ತೋಟ, ಮಾವಿನ ತೋಪು, ತೆಂಗಿನ ತೋಟವೂ ಇದರೊಳಗೆ ಬರಬಹುದು. 70 ಶೇಕಡಾಕ್ಕೆ ಮೇಲೆ ವೆರಿ ಡೆನ್ಸ್, 40ರಿಂದ 70 ಮಾಡರೇಟ್ಲಿ ಡೆನ್ಸ್, 10ರಿಂದ 40 ಓಪನ್. ರೆಕಾರ್ಡೆಡ್ ಫಾರೆಸ್ಟ್ ಏರಿಯಾ ಬೇರೆ, ಅದು ಸರ್ಕಾರಿ ದಾಖಲೆಯ ಕಾಡು; ಅಲ್ಲಿ ಮರವೇ ಇಲ್ಲದಿರಬಹುದು.

ನ್ಯಾಷನಲ್ ಪಾರ್ಕ್‌ನಲ್ಲಿ ಜಾನುವಾರು ಮೇಯಿಸುವಂತಿಲ್ಲ, ಖಾಸಗಿ ಹಕ್ಕು ಉಳಿಯುವಂತಿಲ್ಲ. ಸ್ಯಾಂಕ್ಚುರಿಯಲ್ಲಿ ಕೆಲವು ಹಕ್ಕು ಉಳಿಸಲು ಅವಕಾಶವಿದೆ. ಟೈಗರ್ ರಿಸರ್ವ್ ಇವುಗಳ ಮೇಲೆ ಹೊದಿಸುವ ಇನ್ನೊಂದು ಹೊದಿಕೆ, ಕೋರ್ ಮತ್ತು ಬಫರ್ ಎಂಬ ಎರಡು ಭಾಗದೊಂದಿಗೆ. ಬಂಡೀಪುರ, ನಾಗರಹೊಳೆ ಎರಡೂ ಪಾರ್ಕ್ ಆಗಿಯೂ ರಿಸರ್ವ್ ಆಗಿಯೂ ಇರುವುದು ಹೀಗೆ.

ಕೆರೆಗೆ ಲೇಕ್ ಎನ್ನಬೇಕೋ ಟ್ಯಾಂಕ್ ಎನ್ನಬೇಕೋ? ವೆಟ್‌ಲ್ಯಾಂಡ್ ಎಂದರೆ ತರಿಯೇ?

ನಮ್ಮ ಕೆರೆಗಳಲ್ಲಿ ಹೆಚ್ಚಿನವು ಏರಿ ಕಟ್ಟಿ ನೀರು ನಿಲ್ಲಿಸಿದವು, ಆದ್ದರಿಂದ ನೀರಾವರಿ ದಾಖಲೆಗಳಲ್ಲಿ ಟ್ಯಾಂಕ್. ವಿದೇಶಿ ಓದುಗನಿಗೆ ಟ್ಯಾಂಕ್ ಎಂದರೆ ಛಾವಣಿಯ ಸಿಂಟೆಕ್ಸ್ ನೆನಪಾಗುತ್ತದೆ, ಅಲ್ಲಿ ‘ಇರಿಗೇಶನ್ ಟ್ಯಾಂಕ್’ ಎಂದು ಬಿಡಿಸಿ ಬರೆಯಿರಿ.

ಕಂದಾಯ ದಾಖಲೆಯ ವೆಟ್ ಲ್ಯಾಂಡ್ ತರಿ ಜಮೀನು, ಡ್ರೈ ಲ್ಯಾಂಡ್ ಖುಷ್ಕಿ, ಗಾರ್ಡನ್ ಲ್ಯಾಂಡ್ ಬಾಗಾಯ್ತು. ಜೌಗುನೆಲ ಉಳಿಸುವ ಅಂತರರಾಷ್ಟ್ರೀಯ ರಾಮ್‌ಸಾರ್ ಒಪ್ಪಂದದ ವೆಟ್‌ಲ್ಯಾಂಡ್ ಬೇರೆಯೇ: ಜೌಗು, ಕೆರೆ, ಅಳಿವೆ, ಇಳಿತದ ಹೊತ್ತಿನಲ್ಲಿ 6 ಮೀಟರ್ ಆಳ ಮೀರದ ಕಡಲ ನೀರೂ ಸೇರುತ್ತದೆ. ಕರ್ನಾಟಕದಲ್ಲಿ ರಂಗನತಿಟ್ಟು 2022ರಲ್ಲಿ, ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ 2024ರಲ್ಲಿ ಆ ಪಟ್ಟಿ ಸೇರಿದವು. ಹುಲ್ಲು ಜೊಂಡಿನ ಜೌಗು ಮಾರ್ಶ್, ಮರಗಳಿರುವ ಜೌಗು ಸ್ವಾಂಪ್. ಅಳಿವೆಗೆ ಎಸ್ಚುವರಿ, ಕಾಂಡ್ಲಾ ಕಾಡಿಗೆ ಮ್ಯಾಂಗ್ರೋವ್.

ವೇಸ್ಟ್‌ಲ್ಯಾಂಡ್ ಕೂಡ ಕಂದಾಯದ ಪದ. ಕೃಷ್ಣಮೃಗ ಓಡಾಡುವ ಹುಲ್ಲುಗಾವಲನ್ನು ಪರಿಸರದ ಬರಹದಲ್ಲಿ ಆ ಹೆಸರಿನಿಂದ ಕರೆಯಬಾರದು. ಗ್ರಾಸ್‌ಲ್ಯಾಂಡ್ ಎನ್ನಿ. ಜಂಗಲ್ ನಮ್ಮಿಂದ ಹೋದ ಪದ, ಆದರೆ ಸಂಸ್ಕೃತದ ಜಾಂಗಲ ಎಂದರೆ ನೀರು ಕಡಿಮೆಯಿರುವ ಬಯಲು! ಇಂಗ್ಲಿಷಿಗೆ ಹೋಗಿ ದಟ್ಟಕಾಡಾಯಿತು.

ವ್ಯಾಕರಣದಲ್ಲಿ ಹೆಚ್ಚಾಗಿ ಆಗುವ ತಪ್ಪುಗಳು?

ಸ್ಪೀಷೀಸ್ ಏಕವಚನವೂ ಹೌದು ಬಹುವಚನವೂ ಹೌದು. ‘ಸ್ಪೀಷಿ’ ಎಂದು ಬಾಲ ಕತ್ತರಿಸಿದರೆ ನಾಣ್ಯದ ಹಣ ಎಂಬ ಬೇರೆ ಪದವಾಗುತ್ತದೆ. ಬ್ಯಾಕ್ಟೀರಿಯಾ, ಲಾರ್ವೆ, ಫಂಜೈ ಬಹುವಚನಗಳು. ಪೊಲ್ಯೂಶನ್‌ಗೆ ಎಸ್ ಸೇರಿಸಬೇಡಿ, ಎಮಿಶನ್‌ಗೆ ಸಾಮಾನ್ಯವಾಗಿ ಸೇರಿಸಿ. ಎಕ್ಸ್‌ಟಿಂಕ್ಟ್ ವಿಶೇಷಣ, ಆದ್ದರಿಂದ ‘ಬಿಕೇಮ್ ಎಕ್ಸ್‌ಟಿಂಕ್ಟ್’ ಅಥವಾ ‘ವೆಂಟ್ ಎಕ್ಸ್‌ಟಿಂಕ್ಟ್’, ‘ಎಕ್ಸ್‌ಟಿಂಕ್ಟೆಡ್’ ಎಂಬುದಿಲ್ಲ. ನೇಟಿವ್, ಎಂಡೆಮಿಕ್, ಅಡಾಪ್ಟೆಡ್ ಮೂರಕ್ಕೂ ‘ಟು’, ಡಿಪೆಂಡೆಂಟ್‌ಗೆ ‘ಆನ್’, ರಿಚ್‌ಗೆ ‘ಇನ್’.

ಇಷ್ಟೊಂದು ಪದ ನೆನಪಿಡುವುದು ಹೇಗೆ?

ಬೇರು ಹಿಡಿಯಿರಿ. ‘ಟ್ರೊಫ್’ ಊಟ ಎಂದು ಗೊತ್ತಾದರೆ ಆಟೊಟ್ರೊಫ್, ಹೆಟೆರೊಟ್ರೊಫ್, ಟ್ರೊಫಿಕ್ ಲೆವೆಲ್ ಒಟ್ಟಿಗೆ ಬರುತ್ತವೆ. ‘ವೋರ್’ ತಿನ್ನುವುದು, ‘ಸೈಡ್’ ಕೊಲ್ಲುವುದು, ‘ಆಂತ್ರೊಪೊ’ ಮನುಷ್ಯ. ಲ್ಯಾಟಿನ್ನಿನ ‘ರೀಪಾ’ ದಡ, ಅದರಿಂದ ಹೊಳೆದಂಡೆಯ ಕಾಡಿಗೆ ರೈಪೇರಿಯನ್. ಹಗಲು ಓಡಾಡುವುದು ಡೈಅರ್ನಲ್, ರಾತ್ರಿಯದು ನಾಕ್ಟರ್ನಲ್, ಮುಂಜಾನೆ-ಮುಸ್ಸಂಜೆಯದು ಕ್ರೆಪಸ್ಕ್ಯುಲರ್.

ವೈಜ್ಞಾನಿಕ ಹೆಸರನ್ನು ಕನ್ನಡ ಬರಹದಲ್ಲಿ ಹೇಗೆ ಬರೆಯುವುದು?

ಲೇಖನದಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬಹುದು: ಹುಲಿ ಪ್ಯಾಂತೆರ ಟೈಗ್ರಿಸ್. ಉತ್ತರಪತ್ರಿಕೆಯಲ್ಲಿ ರೋಮನ್ ಲಿಪಿ ಬಳಸಿದರೆ ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು, ಎರಡನೆಯ ಪದ ಪೂರ್ತಿ ಸಣ್ಣಕ್ಷರ. ಅಚ್ಚಿನಲ್ಲಿ ಓರೆ ಅಕ್ಷರ, ಕೈಬರಹದಲ್ಲಿ ಎರಡೂ ಪದಕ್ಕೆ ಬೇರೆಬೇರೆಯಾಗಿ ಅಡಿಗೆರೆ. ಒಂದೇ ಉದ್ದ ಗೆರೆ ಎಳೆದರೆ ಕೆಲವು ಮೌಲ್ಯಮಾಪಕರು ಅರ್ಧ ಅಂಕ ಕಳೆಯುತ್ತಾರೆ.